ಅಂಕಪಟ್ಟಿಗೆ ಸಿಗುವ ಹಣ, ಆದಾಯಪತ್ರಕ್ಕೆ ಸಿಗುವ ಹಣ

ಮುಂಬಯಿಯ ವಿಕ್ರೋಳಿಯಲ್ಲಿರುವ ಟಾಗೋರ್ ನಗರ, ಕನ್ನಮ್‌ವಾರ್ ನಗರಗಳ ಕನ್ನಡ ಕುಟುಂಬಗಳ ಮಕ್ಕಳು ಕಾಲೇಜು ಸೇರುವ ಹೊತ್ತಿಗೆ ದೊರೆಯಬಹುದಾದ, ಮರಳಿ ಕಟ್ಟಬೇಕಿಲ್ಲದ ಹಣದಲ್ಲಿ ಎರಡು ಬಗೆಗಳಿವೆ: ಓದಿನ ಸಾಧನೆಯನ್ನು ನೋಡಿ ಕೊಡುವ ವಿದ್ಯಾರ್ಥಿವೇತನ ಒಂದು, ಮನೆಯ ಆರ್ಥಿಕ ಸ್ಥಿತಿಯನ್ನು ನೋಡಿ ಕೊಡುವ ಸಹಾಯಧನ ಇನ್ನೊಂದು. ಯೋಜನೆಯ ಹೆಸರನ್ನು ನಂಬಿ ಇವನ್ನು ಬೇರ್ಪಡಿಸಹೊರಟರೆ ಮೋಸಹೋಗುವುದೇ ಹೆಚ್ಚು. ಅರ್ಜಿಯೊಡನೆ ಮುಖ್ಯವಾಗಿ ಕೇಳುವುದು ಅಂಕಪಟ್ಟಿಯನ್ನೋ ತಹಸೀಲ್ದಾರರ ಆದಾಯ ಪ್ರಮಾಣಪತ್ರವನ್ನೋ ಎಂಬುದೇ ನಿಜವಾದ ಗುರುತು.

ಮಹಾರಾಷ್ಟ್ರ ಸರ್ಕಾರದ ರಾಜರ್ಷಿ ಛತ್ರಪತಿ ಶಾಹು ಮಹಾರಾಜ್ ಶಿಕ್ಷಣ ಶುಲ್ಕ ಶಿಷ್ಯವೃತ್ತಿಯು ಹೆಸರಿಗೆ ಶಿಷ್ಯವೃತ್ತಿಯಾದರೂ ಸ್ವಭಾವದಲ್ಲಿ ಸಹಾಯಧನ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಯೊಳಗಿರುವ ಸಾಮಾನ್ಯ ವರ್ಗದ ವಿದ್ಯಾರ್ಥಿಗಳ ಬೋಧನಾ ಶುಲ್ಕ ಮತ್ತು ಪರೀಕ್ಷಾ ಶುಲ್ಕಗಳ ಅರ್ಧಭಾಗವನ್ನು ಅದು ಸಾಮಾನ್ಯವಾಗಿ ಭರಿಸುತ್ತದೆ. ಕೇಂದ್ರ ಸರ್ಕಾರದ ‘ಕೇಂದ್ರ ವಲಯ’ ವಿದ್ಯಾರ್ಥಿವೇತನವಾದರೋ ಆದಾಯಮಿತಿಯನ್ನು ಇಟ್ಟುಕೊಂಡೇ, ಹನ್ನೆರಡನೆಯ ತರಗತಿಯಲ್ಲಿ ತಮ್ಮ ಮಂಡಳಿಯ ನೂರರಲ್ಲಿ ಎಂಬತ್ತು ಮಂದಿಗಿಂತ ಮೇಲಿರುವವರನ್ನು ಮಾತ್ರ ಪರಿಗಣಿಸಿ, ಪದವಿಯ ಮೊದಲ ಮೂರು ವರ್ಷ ತಲಾ 12,000 ರೂಪಾಯಿ ಕೊಡುತ್ತದೆ, ಪ್ರತಿವರ್ಷ ಶೇ. 50 ಅಂಕ, ಶೇ. 75 ಹಾಜರಿ ಇರದಿದ್ದರೆ ನವೀಕರಣವಿಲ್ಲ.

ಹೊರರಾಜ್ಯದಿಂದ ಬಂದವರಿಗೆ ಎದುರಾಗುವ ತೊಡಕು ಬೇರೆಯದು. ಮೀಸಲು ವರ್ಗಗಳ ಯೋಜನೆಗಳಿಗೆ ಬೇಕಾದ ಮಹಾರಾಷ್ಟ್ರದ ಜಾತಿ ಪ್ರಮಾಣಪತ್ರವನ್ನು ಪಡೆಯಲು, ಪರಿಶಿಷ್ಟ ಜಾತಿಯವರು 1950ರ ಆಗಸ್ಟ್ 10ಕ್ಕೂ ಇತರ ಹಿಂದುಳಿದ ವರ್ಗದವರು 1967ರ ಅಕ್ಟೋಬರ್ 13ಕ್ಕೂ ಮೊದಲೇ ಕುಟುಂಬ ಇಲ್ಲಿ ನೆಲೆಸಿತ್ತೆಂದು ದಾಖಲೆ ತೋರಿಸಬೇಕು. ಉಡುಪಿ, ದಕ್ಷಿಣ ಕನ್ನಡಗಳಿಂದ ಹೋಟೆಲ್ ಕೆಲಸಕ್ಕೆಂದು ಆಮೇಲೆ ಬಂದವರ ಮಕ್ಕಳು ಊರಿನಲ್ಲಿ ಹಿಂದುಳಿದ ವರ್ಗದವರಾಗಿದ್ದರೂ ಇಲ್ಲಿ ಸಾಮಾನ್ಯ ವರ್ಗಕ್ಕೇ ಸೇರುತ್ತಾರೆ. ವಾಸ್ತವ್ಯದ ಡೊಮಿಸಾಯಿಲ್ ಪತ್ರವಿದ್ದರೆ ಅಂಥವರಿಗೆ ಶಾಹು ಮಹಾರಾಜ್ ಯೋಜನೆಯ ದಾರಿಯಾದರೂ ಉಳಿಯುತ್ತದೆ ಎಂಬುದು ಅನೇಕ ಮನೆಗಳಿಗೆ ತಡವಾಗಿ ತಿಳಿಯುವ ಸಂಗತಿ.

ವಿದ್ಯಾರ್ಥಿಯ ಕೈಗೆ ಬಾರದೆಯೂ ಅವನನ್ನು ತಲುಪುವ ಮತ್ತೊಂದು ನೆರವೆಂದರೆ ಸರ್ಕಾರವು ಕಾಲೇಜಿಗೇ ಕೊಡುವ ಅನುದಾನ. ಅಧ್ಯಾಪಕರ ಸಂಬಳ ಆ ಹಣದಿಂದ ಸಲ್ಲುವ ಅನುದಾನಿತ ಬಿ.ಕಾಂ. ಶುಲ್ಕಕ್ಕೂ, ಅದೇ ಕಟ್ಟಡದಲ್ಲಿ ಸ್ವವೆಚ್ಚದಿಂದ ನಡೆಯುವ ಬಿ.ಎಂ.ಎಸ್. ಶುಲ್ಕಕ್ಕೂ ಅಜಗಜಾಂತರವಿರುವುದು ಇದರಿಂದಲೇ. ಸಣ್ಣದೊಂದು ವಿದ್ಯಾರ್ಥಿವೇತನಕ್ಕಿಂತ ಅನುದಾನಿತ ಸೀಟೇ ಎಷ್ಟೋ ಸಲ ಲಾಭಕರ.

1927ರಲ್ಲಿ ಸ್ಥಾಪನೆಯಾದ ಮುಂಬಯಿ ಬಂಟರ ಸಂಘದಂಥ ಸಮುದಾಯ ಸಂಸ್ಥೆಗಳೂ ಶೈಕ್ಷಣಿಕ ನೆರವು ನೀಡುತ್ತ ಬಂದಿವೆ. ರಾಜ್ಯ ಸರ್ಕಾರದ ಯೋಜನೆಗಳಿಗಾದರೆ ‘ಮಹಾಡಿಬಿಟಿ’ ಜಾಲತಾಣದಲ್ಲಿ ಅರ್ಜಿ ಸಲ್ಲಿಸಬೇಕು. ಹಣ ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಗೇ ಜಮೆಯಾಗುವುದರಿಂದ, ಕುರ್ಲಾ ತಹಸೀಲ್ದಾರರ ಆದಾಯಪತ್ರದ ಜೊತೆಗೆ ಆ ಜೋಡಣೆಯನ್ನೂ ಪ್ರವೇಶದ ಗಡಿಬಿಡಿಗೆ ಮೊದಲೇ ಮುಗಿಸಿಕೊಳ್ಳುವುದು ಲೇಸು.