ಸೂರು ಕೊಟ್ಟರೆ ಸಾಕೇ? ಹೈದರಾಬಾದ್‌ನ ಬಡವರ ಮನೆಗಳು

ಬಡವರಿಗೆ ಮನೆ ಅಂದ ಕೂಡಲೇ ಎಷ್ಟು ಮನೆ ಕಟ್ಟಿದರು, ಎಷ್ಟು ಕೋಟಿ ಖರ್ಚಾಯಿತು ಅಂತ ಕೇಳುತ್ತೇವೆ. ಆ ಮನೆಯಲ್ಲಿ ಮೇ ತಿಂಗಳ ಮಧ್ಯಾಹ್ನ ಮಗು ಮಲಗಬಹುದೇ? ಬೆಂಕಿ ಹತ್ತಿದರೆ ವಯಸ್ಸಾದವರು ಕೆಳಗಿಳಿದು ಬರಬಹುದೇ? ಕೆಲಸಕ್ಕೆ ಹೋಗಿಬರಲು ದಿನಕ್ಕೆ ಬಸ್ ಚಾರ್ಜ್ ಎಷ್ಟು? ಇವನ್ನು ಕೇಳುವವರು ಕಡಿಮೆ. ಕಲಬುರಗಿ, ಬೀದರ್, ರಾಯಚೂರು ಕಡೆಯ ಎಷ್ಟೋ ಕುಟುಂಬಗಳು ದುಡಿಮೆಗೆ ಹೋಗುವ ಹೈದರಾಬಾದನ್ನು ಈ ಪ್ರಶ್ನೆಗಳೊಂದಿಗೆ ನೋಡೋಣ.

ಈ ಊರಿಗೆ ಇವು ಹೊಸ ಪ್ರಶ್ನೆಗಳಲ್ಲ. 1908ರ ಸೆಪ್ಟೆಂಬರ್‌ನಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. ಮರುವರ್ಷ ನಿಜಾಮ್ ಸರ್ಕಾರ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರನ್ನು ಕರೆಸಿತು. ಅವರ ಸಲಹೆಯ ಫಲವಾಗಿ ಮುಂದೆ ಉಸ್ಮಾನ್ ಸಾಗರ್, ಹಿಮಾಯತ್ ಸಾಗರ್ ಜಲಾಶಯಗಳು ಎದ್ದವು. 1912ರಲ್ಲಿ ನಗರ ಸುಧಾರಣಾ ಮಂಡಳಿ ಹುಟ್ಟಿತು. ಅದು ಇಕ್ಕಟ್ಟಾದ ಬಸ್ತಿಗಳನ್ನು ತೆರವು ಮಾಡಿ, ಬಡವರಿಗೆ ಗಾಳಿ ಬೆಳಕಿನ ಮನೆಗಳನ್ನು ಕಟ್ಟಿಸಿತು. ರಸ್ತೆ, ಚರಂಡಿ ಮಾಡಿಸಿತು. ಬರೀ ನಾಲ್ಕು ಗೋಡೆ ಎಬ್ಬಿಸಿದರೆ ಮನೆಯಾಗದು ಎಂಬುದು ಆಗಲೇ ಗೊತ್ತಿತ್ತು.

ಹತ್ತಿರದ ಮನೆ, ದೂರದ ಮನೆ

ತೆಲಂಗಾಣ ಸರ್ಕಾರ ಬಡವರಿಗೆ ಉಚಿತವಾಗಿ ಎರಡು ಬೆಡ್‌ರೂಮಿನ ಮನೆ ಕೊಡುವ ಯೋಜನೆ ತಂದಿತು. ಅದರ ಮೊದಲ ಮಾದರಿ ಸಿಕಂದರಾಬಾದ್‌ನ ಭೋಯಿಗುಡದ ಐಡಿಎಚ್ ಕಾಲೊನಿ. 2015ರ ನವೆಂಬರ್‌ನಲ್ಲಿ ಉದ್ಘಾಟನೆಯಾದ ಇಲ್ಲಿ 396 ಮನೆಗಳಿವೆ. ನೆಲ ಅಂತಸ್ತಿನ ಮೇಲೆ ಎರಡೇ ಮಹಡಿ. ಹಳೆಯ ಮನೆಗಳಿದ್ದ ಜಾಗದಲ್ಲೇ ಕಟ್ಟಿದ್ದರಿಂದ ಜನರ ಕೆಲಸ, ಮಕ್ಕಳ ಶಾಲೆ, ನೆರೆಹೊರೆ ಯಾವುದೂ ದೂರವಾಗಲಿಲ್ಲ.

2023ರ ಜೂನ್‌ನಲ್ಲಿ ಕೊಲ್ಲೂರಿನಲ್ಲಿ 15,660 ಮನೆಗಳ ದೊಡ್ಡ ಬಡಾವಣೆ ಉದ್ಘಾಟನೆಯಾಯಿತು. ಒಂದೊಂದು ಮನೆಯೂ 560 ಚದರ ಅಡಿ. ಮನೆಗಳೇನೋ ಗಟ್ಟಿಯಾಗಿವೆ. ಆದ್ರೆ ಊರು ನಗರದ ಅಂಚಿನಲ್ಲಿ, ಹೊರವರ್ತುಲ ರಸ್ತೆಯ ಪಕ್ಕದಲ್ಲಿದೆ. ಹಳೇ ನಗರದ ಮನೆಗೆಲಸದವಳಿಗೆ, ತಳ್ಳುಗಾಡಿಯವನಿಗೆ ಅಲ್ಲಿ ಮನೆ ಸಿಕ್ಕರೆ ದುಡಿಮೆಯ ಒಂದು ಪಾಲು ಪ್ರಯಾಣಕ್ಕೇ ಹೋಗುತ್ತದೆ. ಇಂಥ ದೂರದ ಬಡಾವಣೆಗಳಲ್ಲಿ ಹಂಚಿಕೆಯಾದ ಮನೆಗೂ ಬೀಗ ಬಿದ್ದಿರುವುದುಂಟು. ಬಳಕೆಯಾಗದ ಮನೆಗೆ ಸುರಿದ ಸಿಮೆಂಟ್ ವ್ಯರ್ಥವೇ ಸರಿ. ಜಗತ್ತಿನ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಶೇ. 7-8ರಷ್ಟು ಸಿಮೆಂಟ್ ತಯಾರಿಕೆಯಿಂದಲೇ ಬರುತ್ತದೆ. ಸುಣ್ಣದಕಲ್ಲನ್ನು ಸುಟ್ಟಾಗ, ಉರುವಲಿನ ಹೊಗೆಯ ಜೊತೆಗೆ, ಕಲ್ಲಿನೊಳಗಿಂದಲೂ ಆ ಅನಿಲ ಹೊರಬೀಳುತ್ತದೆ. ಅದಕ್ಕೆ ದಿನನಿತ್ಯದ ದೂರದ ಓಡಾಟದ ಹೊಗೆಯನ್ನೂ ಸೇರಿಸಿ ನೋಡಿ. ಬಡವನ ಜೇಬಿಗೂ ಪರಿಸರಕ್ಕೂ ಒಟ್ಟಿಗೇ ಹೊಡೆತ.

ತಲೆಯ ಮೇಲಿನ ಬಿಸಿ

ಹೈದರಾಬಾದ್‌ನ ಬೇಸಿಗೆ 40 ಡಿಗ್ರಿ ದಾಟುತ್ತದೆ. ತಗಡಿನ ಶೀಟು ಬೇಗ ಕಾದು ಮನೆಯೊಳಗೆ ಬಿಸಿ ಸುರಿಸುತ್ತದೆ. ಕಾಂಕ್ರೀಟ್ ಛಾವಣಿ ಹಗಲೆಲ್ಲ ಬಿಸಿ ಹೀರಿಕೊಂಡು ರಾತ್ರಿ ಬಿಡುತ್ತದೆ. ಹಾಗಾಗಿ ಫ್ಯಾನ್ ಹಾಕಿದರೂ ಬಿಸಿಗಾಳಿಯೇ. ಛಾವಣಿಗೆ ಬಿಳಿ ಲೇಪನ ಕೊಟ್ಟರೆ ಬಿಸಿಲಿನ ಹೆಚ್ಚಿನ ಪಾಲು ವಾಪಸ್ ಹೋಗುತ್ತದೆ. 2017ರಲ್ಲಿ ದೇವರಕೊಂಡ ಬಸ್ತಿಯ 25 ಮನೆಗಳ ಮೇಲೆ ಬಿಳಿ ಹೊದಿಕೆ ಹಾಕಿ ನೋಡಿದಾಗ ಒಳಗಿನ ತಾಪ ಸರಾಸರಿ 2 ಡಿಗ್ರಿ ಕಡಿಮೆಯಾಯಿತು. ಕರೆಂಟು ಬೇಡ, ಬಿಲ್ಲೂ ಇಲ್ಲ.

ತೆಲಂಗಾಣ 2023ರ ಏಪ್ರಿಲ್‌ನಲ್ಲಿ ಇದಕ್ಕೆಂದೇ ‘ತಂಪು ಛಾವಣಿ ನೀತಿ’ ತಂದಿತು. 2028ರೊಳಗೆ 300 ಚದರ ಕಿ.ಮೀ. ಛಾವಣಿ ತಂಪು ಮಾಡುವ ಗುರಿ. ಒಳ್ಳೆಯ ಹೆಜ್ಜೆಯೇ. ಆದರೆ ವಾಸದ ಮನೆಗಳಲ್ಲಿ 600 ಚದರ ಗಜ ಮತ್ತು ಅದಕ್ಕಿಂತ ದೊಡ್ಡ ನಿವೇಶನಗಳಿಗೆ ಮಾತ್ರ ಕಡ್ಡಾಯ, ಚಿಕ್ಕವರಿಗೆ ಐಚ್ಛಿಕ. ಅಂದರೆ ಎ.ಸಿ. ಇರುವ ದೊಡ್ಡ ಮನೆಗೆ ನಿಯಮವಿದೆ. ಬಿಸಿಯಲ್ಲಿ ಬೇಯುವ ಬಸ್ತಿಯ ಸಣ್ಣ ಮನೆ ಅವರವರ ಇಷ್ಟಕ್ಕೆ, ಅವರವರ ಖರ್ಚಿಗೆ ಬಿಟ್ಟದ್ದು. ಸ್ವಂತ ನಿವೇಶನ ಇದ್ದವರಿಗೆ ಮನೆ ಕಟ್ಟಲು 5 ಲಕ್ಷ ರೂ. ನೆರವು ಕೊಡುವ ಇಂದಿರಮ್ಮ ಯೋಜನೆ 2024ರಲ್ಲಿ ಶುರುವಾಗಿದೆ. ಆ ನೆರವಿನ ಜೊತೆಗೇ ಬಿಳಿ ಛಾವಣಿಯ ಖರ್ಚೂ ಸೇರಿದರೆ ಈ ಕೊರತೆ ನೀಗುತ್ತದೆ.

ಹೊರಬರುವ ದಾರಿ

2025ರ ಮೇ ತಿಂಗಳಲ್ಲಿ ಚಾರ್‌ಮಿನಾರ್ ಹತ್ತಿರದ ಗುಲ್ಜಾರ್ ಹೌಜ್‌ನ ಕಟ್ಟಡವೊಂದಕ್ಕೆ ಬೆಂಕಿ ಬಿದ್ದು ಮಕ್ಕಳೂ ಸೇರಿ 17 ಮಂದಿ ತೀರಿಕೊಂಡರು. ಒಳದಾರಿಯೂ ಮೆಟ್ಟಿಲೂ ಇಕ್ಕಟ್ಟಾಗಿದ್ದವು. ಅದು ಸರ್ಕಾರಿ ಮನೆಯಲ್ಲ, ನಿಜ. ಆದ್ರೆ ಪಾಠ ಎಲ್ಲರಿಗೂ ಒಂದೇ. ಬಹುಮಹಡಿ ಮನೆ ಹಂಚುವಾಗ ಎರಡನೇ ಮೆಟ್ಟಿಲು, ಸರಿಯಾದ ವೈರಿಂಗ್, ನಡೆಯುವ ಲಿಫ್ಟ್ ಬೇಕು. ಅದಕ್ಕಿಂತ ಮುಖ್ಯವಾಗಿ, ಇವನ್ನೆಲ್ಲ ಹತ್ತು ವರ್ಷದ ನಂತರವೂ ನೋಡಿಕೊಳ್ಳುವ ಹಣ ಬೇಕು. ಉಚಿತ ಮನೆ ಪಡೆದ ಕೂಲಿಕಾರರು ಲಿಫ್ಟ್ ರಿಪೇರಿಗೆ ಎಲ್ಲಿಂದ ತರಬೇಕು?

ನಮ್ಮ ಕಲಬುರಗಿ, ರಾಯಚೂರಿನ ಬಿಸಿಲು ಹೈದರಾಬಾದ್‌ಗಿಂತ ಕಡಿಮೆಯದೇನಲ್ಲ. ಮಣ್ಣಿನ ಮಾಳಿಗೆಯ ತಂಪು ಕಂಡ ಹಿರಿಯರು ಇನ್ನೂ ನಮ್ಮ ಮನೆಗಳಲ್ಲಿದ್ದಾರೆ. ನಿಮ್ಮ ಊರಲ್ಲಿ ಸರ್ಕಾರಿ ಮನೆಗಳ ಪಟ್ಟಿ ಬಂದಾಗ ಹೆಸರಿದೆಯೇ ಅಂತಷ್ಟೇ ನೋಡಬೇಡಿ. ಜಾಗ ಎಲ್ಲಿ, ಬಸ್ಸು ಇದೆಯೇ, ಛಾವಣಿಗೆ ಏನು ಹಾಕುತ್ತೀರಿ, ಮೆಟ್ಟಿಲು ಎಷ್ಟು, ಮುಂದೆ ದುರಸ್ತಿ ಯಾರದು ಎಂದು ವಾರ್ಡ್ ಸದಸ್ಯರನ್ನು ಕೇಳಿ. ಅಡಿಪಾಯ ಹಾಕುವ ಮೊದಲೇ ಕೇಳಿ. ಕಟ್ಟಿದ ಮೇಲೆ ಮನೆಯನ್ನು ಹತ್ತಿರಕ್ಕೆ ತರಲಾಗದು, ಇನ್ನೊಂದು ಮೆಟ್ಟಿಲು ಸೇರಿಸುವುದೂ ಸುಲಭವಲ್ಲ.