ಕಡ್ಲಿಪಲ್ಯ ಒಣಗಿಸಲು ನೆರಳು ಸಾಕು

ಮನೆಯಲ್ಲೇ ಇಟ್ಟುಕೊಳ್ಳುವ ಫ್ರೀಜ್ ಡ್ರೈಯರ್ ಬಂದಿದೆ ಅಂತ ಮಗ ಹೇಳಿದ. ಪದಾರ್ಥವನ್ನು ಹೆಪ್ಪುಗಟ್ಟಿಸಿ, ಒಳಗಿನ ಗಾಳಿ ಎಳೆದು, ಮಂಜು ಕರಗದೆ ನೇರ ಆವಿಯಾಗುವಂತೆ ಮಾಡುವ ಯಂತ್ರ. ಬಣ್ಣ, ರುಚಿ ಉಳಿಯುತ್ತದೆ, ಖರೆ. ಆದರೆ ಬೆಲೆ ಲಕ್ಷಗಳಲ್ಲಿ, ಒಂದು ಸಲಕ್ಕೆ ಇಡೀ ದಿನ ಕರೆಂಟು ಬೇಕು. ಒಣಬೇಸಾಯದವರಿಗೆ ಹೊಂದುವ ಮಾತಲ್ಲ.

ಆಳಂದ, ಅಫಜಲಪುರ, ಜೇವರ್ಗಿ ಕಡೆ ಎರೆಹೊಲದವರಿಗೆ ಕಡ್ಲಿಯೇ ಬೇಸಿಗೆಯ ಪಲ್ಯ. ಹಿಂಗಾರಿ ಬಿತ್ತಿದ ತಿಂಗಳೊಪ್ಪತ್ತಿಗೆ, ಹೂ ಬಿಡುವ ಮುಂಚೆ ಕುಡಿ ಚಿವುಟಬೇಕು. ಗಿಡ ಟೊಂಗೆ ಒಡೆಯುತ್ತದೆ, ಅದೂ ಲಾಭವೇ. ಕಸ ಆರಿಸಿರಿ, ತೊಳೆಯಬೇಡಿರಿ. ಎಲೆಯ ಮೇಲಿನ ಹುಳಿ ನೀರುಪಾಲಾದರೆ ರುಚಿ ಎಲ್ಲಿಂದ ಬರಬೇಕು? ಹಳೆ ಧೋತರದ ಮೇಲೆ ನೆರಳಲ್ಲಿ ತೆಳ್ಳಗೆ ಹರವಿ, ದಿನಕ್ಕೆರಡು ಸಲ ಕೈಯಾಡಿಸಿರಿ. ಬಿಸಿಲಿಗಿಟ್ಟರೆ ಹಸಿರು ಹೋಗುತ್ತದೆ. ಹಿಡಿದರೆ ಪುಡಿಯಾಗುವಷ್ಟು ಒಣಗಿದ ಮೇಲೆ ಗಡಿಗೆ ತುಂಬಿ ಬಾಯಿ ಕಟ್ಟಿರಿ. ತೇವ ಉಳಿದರೆ ಬೂಸರು ಹಿಡಿಯುತ್ತದೆ.

ಕಾಯಿಕೊರಕ ಹುಳಕ್ಕೆ ಔಷಧ ಹೊಡೆದ ಹೊಲದ ಕುಡಿಯನ್ನು ಮಾತ್ರ ಮುಟ್ಟಬೇಡಿರಿ. ಒಣಗಿಸಿದರೆ ನೀರು ಹೋದೀತು, ವಿಷ ಹೋಗುವುದಿಲ್ಲ. ಕೂಲಿಗೆ ಬಂದ ಹೆಣ್ಣುಮಕ್ಕಳು ಉಡಿ ತುಂಬ ಒಯ್ಯುತ್ತಾರೆ. ಹೊಡೆದದ್ದನ್ನು ಅವರಿಗೂ ಹೇಳಿರಿ.

ಏಪ್ರಿಲ್‌ನಲ್ಲಿ ಸಂತೆಯ ಕಾಯಿಪಲ್ಯ ಕೈ ಸುಡುವಾಗ ಎರಡು ಹಿಡಿ ತೆಗೆದು, ಜೋಳದ ನುಚ್ಚು, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಹಾಕಿ ಕುದಿಸಿದರೆ ಮನೆಮಂದಿಗೆಲ್ಲ ರೊಟ್ಟಿಗೆ ಸಾಕಾಗುತ್ತದೆ.