ಒಂದೇ ಜೋಡಿ ಸ್ಕೀ ಕೊಳ್ಳುವುದಾದರೆ

ದ್ವಿತೀಯ ಪಿಯುಸಿ ಮುಗಿದ ಮೇಲೆ ಕಾಶ್ಮೀರದ ಗುಲ್ಮಾರ್ಗ್‌ಗೆ ಹೋಗಿ ಸ್ಕೀ ಕಲಿಯಬೇಕೆಂಬುದು ನನ್ನ ಆಸೆ. ಸಾವಳಗಿಯ ಬಿಸಿಲಲ್ಲಿ ಇದನ್ನು ಹೇಳಿದರೆ ಗೆಳೆಯರು ನಗುತ್ತಾರೆ. ದುಬೈನಲ್ಲಿರುವ ಮಾಮು ನಗಲಿಲ್ಲ. ಅಲ್ಲಿ ಮಾಲ್ ಒಳಗೇ ಹಿಮದ ಇಳಿಜಾರಿದೆ. "ಊರಿಗೆ ಬರುವಾಗ ಒಂದು ಜೋಡಿ ತರ್ತೀನಿ, ಎಂಥದ್ದು ಬೇಕು ಹೇಳು" ಎಂದರು.

ಅವಸರದಲ್ಲಿ ಉತ್ತರಿಸಲು ಹೆದರಿದೆ. ಹೋದ ವರ್ಷ ಕೂಡಿಟ್ಟ ಹಣದಲ್ಲಿ ಹಳೆಯ ರೇಸ್ ಸೈಕಲ್ ಕೊಂಡಿದ್ದೆ. ಡಾಂಬರು ರಸ್ತೆಯಲ್ಲಿ ಚೆನ್ನಾಗಿ ಓಡುತ್ತಿತ್ತು. ಮಳೆಗಾಲದಲ್ಲಿ ಕಬ್ಬಿನ ಹೊಲದ ದಾರಿಗಿಳಿದಾಗ ಅದರ ಸಣ್ಣ ಟೈರು ಎರೆಮಣ್ಣಲ್ಲಿ ಹೂತುಹೋಯಿತು. ಹೆಗಲ ಮೇಲೆ ಹೊತ್ತು ತಂದೆ. ಕೊನೆಗೆ ಅರ್ಧ ಬೆಲೆಗೆ ಮಾರಿದೆ. ಆದ್ದರಿಂದ ಈ ಸಲ ಮೊದಲು ಓದಿ ತಿಳಿದುಕೊಂಡೆ.

ಸ್ಕೀಗಳಲ್ಲಿ ಮುಖ್ಯವಾಗಿ ಎರಡು ಬಗೆ. ನಮ್ಮ ಕೊಡಗಿನ ಭವಾನಿ ತೆಕ್ಕಡ ಬಳಸುವುದು ಹಿಮದ ಬಯಲಲ್ಲಿ ದೂರ ಸಾಗುವ, ಹಿಮ್ಮಡಿ ಮೇಲೇಳುವ ಕಿರಿದಾದ ಸ್ಕೀ. 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಭಾರತವನ್ನು ಪ್ರತಿನಿಧಿಸಿದ ಗುಲ್ಮಾರ್ಗ್‌ನ ಆರಿಫ್ ಖಾನ್ ಅವರದು ಇಳಿಜಾರಿನ ಸ್ಕೀ. ಅದರಲ್ಲಿ ಹಿಮ್ಮಡಿಯೂ ಬಿಗಿಯಾಗಿರುತ್ತದೆ. ನನಗೆ ಬೇಕಾದದ್ದು ಈ ಎರಡನೆಯದು.

ಇದರಲ್ಲಿ ನೋಡಬೇಕಾದವು ನಾಲ್ಕು:

ಅಗಲ: ಪಾದದ ಕೆಳಗಿನ ಅಗಲ 80 ಮಿ.ಮೀ.ಗಿಂತ ಕಡಿಮೆಯಿದ್ದರೆ ಗಟ್ಟಿ ಹಿಮದಲ್ಲಿ ಬೇಗ ತಿರುಗುತ್ತದೆ. 100 ದಾಟಿದರೆ ಮೆತ್ತನೆಯ ಆಳ ಹಿಮದಲ್ಲಿ ಹೂಳದೆ ತೇಲುತ್ತದೆ. ಎರಡೂ ಕಡೆ ನಡೆಯಬೇಕೆಂದರೆ ಸುಮಾರು 85ರಿಂದ 95.

ತುದಿ: ಪಾರ್ಕ್‌ನಲ್ಲಿ ದಿಬ್ಬದಿಂದ ಹಾರಿ ಹಿಮ್ಮುಖವಾಗಿಯೂ ಇಳಿಯುತ್ತಾರೆ. ಅದಕ್ಕೆ ಮುಂದೆ, ಹಿಂದೆ ಎರಡೂ ತುದಿ ಮೇಲೆ ಬಾಗಿರಬೇಕು.

ಬಿಗಿ: ಬಿರುಸಾದ ಸ್ಕೀ ವೇಗದಲ್ಲಿ ಅಲುಗುವುದಿಲ್ಲ, ಆದರೆ ಕಲಿಯುವವರ ಮಾತು ಕೇಳುವುದಿಲ್ಲ. ಮೆದುವಾದದ್ದು ತಪ್ಪನ್ನು ಸಹಿಸುತ್ತದೆ.

ಉದ್ದ: ನಿಲ್ಲಿಸಿದಾಗ ಹೊಸಬರಿಗೆ ಗದ್ದದವರೆಗೆ, ಪಳಗಿದವರಿಗೆ ಹಣೆಯವರೆಗೆ ಬಂದರೆ ಸಾಕು.

ಎಲ್ಲ ಕಡೆ ನಡೆಯುವ ಸ್ಕೀ ಯಾವ ಕಡೆಯೂ ಅತ್ಯುತ್ತಮವಲ್ಲ. ಅರ್ಥಶಾಸ್ತ್ರದಲ್ಲಿ ಓದುವ ಅವಕಾಶ ವೆಚ್ಚ ಇದೇ: ಒಂದನ್ನು ಪಡೆಯಲು ಇನ್ನೊಂದನ್ನು ಬಿಡಬೇಕು. ಹೆಚ್ಚು ದಿನ ಎಲ್ಲಿ ಜಾರುತ್ತೇವೆ ಎಂಬ ಲೆಕ್ಕ ಮೊದಲು, ಕೊಳ್ಳುವುದು ಆಮೇಲೆ.

ಆ ಲೆಕ್ಕ ಹಾಕಲು ನಾನಿನ್ನೂ ಒಂದು ದಿನವೂ ಜಾರಿಲ್ಲ. ಗುಲ್ಮಾರ್ಗ್‌ನಲ್ಲಿ ಸ್ಕೀ, ಬೂಟು ಬಾಡಿಗೆಗೆ ಸಿಗುತ್ತವೆ. "ಮಾಮು, ಈಗ ಬೇಡ. ಮೊದಲು ಬಾಡಿಗೆಯದರಲ್ಲಿ ಬೀಳೋದು ಕಲೀತೀನಿ" ಎಂದೆ. ಅಬ್ಬಾ ಪಕ್ಕದಲ್ಲೇ ಇದ್ದರು. "ಸೈಕಲ್ ದುಡ್ಡು ದಂಡ ಆಗಲಿಲ್ಲ ಬಿಡು" ಎಂದರು.